ಖಾಲಿ ಬಿಟ್ಟಿದ್ದ ಎರಡು ಮನೆ

ಇವತ್ತು ಒಂಬತ್ತರ ಬೇಲೂರು ಬಸ್ಸಿನಲ್ಲಿ ಮಾಡಬಾರದ್ದು ಮಾಡಿದೆ ಕಣ್ರಪ್ಪಾ.

ಹಗರೆಯ ಡೈರಿಯಲ್ಲಿ ಹಾಲು ಅಳೆದು ಮುಗಿಸಿ, ಬೇಲೂರಿನ ಹೊಲಿಗೆ ಅಂಗಡಿಗೆ ಹೋಗುವ ಸಾವಿತ್ರಮ್ಮನವರಿಗೆ ಒಂದು ತಿಂಗಳಿಂದ ಬಸ್ಸಿನಲ್ಲೇ ಪದಬಂಧ ಕಲಿಸುತ್ತಿದ್ದೇನೆ. ಸುಳಿವಿನ ಒಂದು ತುಂಡು ಅರ್ಥ ಹೇಳುತ್ತದೆ, ಇನ್ನೊಂದು ಅಕ್ಷರ ಕೊಡುತ್ತದೆ, ಎರಡೂ ಒಂದೇ ಉತ್ತರಕ್ಕೆ ಬರಬೇಕು ಎಂಬುದು ನನ್ನ ಮೊದಲ ಪಾಠ.

ಇವತ್ತು ಅವರು ಪೇಪರ್ ಬಿಡಿಸಿ ನನ್ನತ್ತ ಹಿಡಿದರು. ಎಲ್ಲ ತುಂಬಿತ್ತು, ಎರಡೇ ಮನೆ ಖಾಲಿ. ಸುಳಿವು: 'ರಸ ತಿರುಗಿಸಿದರೆ ಕೊರಳಿಗೆ ಬರುತ್ತದೆ.'

ಮೇಷ್ಟ್ರ ಚಾಳಿ, ಬಾಯಿ ನಿಲ್ಲಲಿಲ್ಲ. "ಇಷ್ಟೇ ಕಣ್ರೀ! ರಸ ಹಿಂದುಮುಂದಾದ್ರೆ ಸರ, ಕೊರಳಿಗೆ ಹಾಕ್ಕೊಳ್ಳೋದು" ಎಂದು ನನ್ನ ಪೆನ್ನಿನಲ್ಲೇ ಬರೆದೂಬಿಟ್ಟೆ.

ಅವರು ಕೈಯಲ್ಲಿದ್ದ ಪೆನ್ಸಿಲನ್ನು ನಿಧಾನವಾಗಿ ಚೀಲಕ್ಕೆ ಹಾಕಿದರು. "ಹಾಲು ಅಳೆಯೋವಾಗ್ಲೇ ಹೊಳೆದಿತ್ತು ಮೇಷ್ಟ್ರೇ. ನಿಮ್ ಮುಂದೆ ನಾನೇ ಬಿಡಿಸಿ ಹೇಳಾನ ಅಂತ ಖಾಲಿ ಬಿಟ್ಟಿದ್ದೆ."



ನಾಳೆ ಪೆನ್ನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಈ ಬಾಯಿಯನ್ನು ಎಲ್ಲಿ ಬಿಟ್ಟು ಹೋಗಲಿ, ನೀವೇ ಹೇಳಿ.