ಎಳ್ಳ ಅಮಾವಾಸ್ಯೆಯೂ ಒಂದು ಲೋಟ ಸ್ಮೂದಿಯೂ

ಮಿಕ್ಸರಿನ ಜಾರನ್ನು ಎಷ್ಟು ತಿಕ್ಕಿ ತೊಳೆದರೂ ಅದರ ಅಲಗುಗಳ ಬುಡದಲ್ಲಿ ಏನಾದರೊಂದು ಅಂಟಿಕೊಂಡೇ ಇರುತ್ತದೆಂಬುದು, ನಿವೃತ್ತನಾಗಿ ಅಡುಗೆಮನೆಯ ಕೆಳದರ್ಜೆಯ ನೌಕರಿಗೆ ಸೇರಿದ ಮೇಲೆ ನನಗಾದ ಮೊದಲ ಜ್ಞಾನೋದಯ. ನೀರು ಹಾಕಿ ಗರ್ರೆನಿಸಿ, ಹಲ್ಲುಜ್ಜಿ ಸವೆದ ಬ್ರಶ್ಶಿನಿಂದ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ಇದಕ್ಕಿಂತ ನಿರ್ಮಲವಾದ ಪಾತ್ರೆ ಬೆಟಗೇರಿಯಲ್ಲೇ ಇಲ್ಲವೆಂದು ನಾನು ಬೀಗುವಷ್ಟರಲ್ಲಿ, ಇರುವೆಗಳ ಸಾಲೊಂದು ಗೋಡೆ ಇಳಿದು ಸೀದಾ ಜಾರಿನೊಳಗೆ ಹೋಗಿ ನನ್ನ ಅಭಿಮಾನಭಂಗ ಮಾಡುತ್ತದೆ. ಆಯುಷ್ಯದ ಅರ್ಧಭಾಗ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿದವನು ನಾನು. ಹೊಗೆ ಕಂಡಲ್ಲಿ ಬೆಂಕಿಯುಂಟೆಂದು ಅನುಮಾನಿಸುವುದನ್ನು ಎಷ್ಟೋ ಹುಡುಗರಿಗೆ ಬಾಯಿಪಾಠ ಮಾಡಿಸಿದವನು. ಇರುವೆ ಕಂಡಲ್ಲಿ ಬೆಲ್ಲವುಂಟೆಂದು ಅನುಮಾನಿಸಲು ಮಾತ್ರ ನನಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು.

ಈ ಜಾರು ನಮ್ಮ ಮನೆಯಲ್ಲಿ ದಿನಾ ದುಡಿಯತೊಡಗಿದ್ದಕ್ಕೆ ಮೂಲಕಾರಣ ಒಂದು ಪ್ಲಾಸ್ಟಿಕ್ ಕುರ್ಚಿ. ನನ್ನ ಹೆಂಡತಿ ನೀಲಾಳ ತವರು ಮುಂಡರಗಿಯ ಆಚೆ, ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿ. ಎಳ್ಳ ಅಮಾವಾಸ್ಯೆಯಂದು ಅಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಚರಗ ಚೆಲ್ಲುತ್ತಾರೆ. ಎಂದರೆ, ಮಾಡಿದ ಅಡುಗೆಯಲ್ಲಿ ಭೂಮಿತಾಯಿಯ ಪಾಲನ್ನು ಬೆಳೆಯ ನಡುವೆ ಎರಚಿ ಬರುತ್ತಾರೆ. ಆಮೇಲೆ ಬರಿ ನೆಲದ ಮೇಲೆ ಸುತ್ತುಗಟ್ಟಿ ಕೂತು, ಎಳ್ಳು ಹಚ್ಚಿದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಊಟ. ಮದುವೆಯಾದಾಗಿನಿಂದ ನೀಲಾ ಇದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಮರಳಿ ಬಂದ ಮೇಲೆ, ಸೀರೆಗೆ ಹತ್ತಿದ ಎರೆಮಣ್ಣು ಎಷ್ಟು ಒಗೆದರೂ ಹೋಗುವುದಿಲ್ಲವೆಂದು ವಾರಗಟ್ಟಲೆ ಗೊಣಗುವುದೂ ಆ ಹಬ್ಬದ ಅಂಗವೇ ಆಗಿತ್ತು.

ಹೋದ ಸಲ ಅವಳ ಮೊಣಕಾಲು ಮಡಚಲಿಲ್ಲ. ತಮ್ಮ ಫಕ್ಕೀರಪ್ಪ ಟ್ರ್ಯಾಕ್ಟರಿನಲ್ಲಿ ಕುರ್ಚಿಯೊಂದನ್ನು ತರಿಸಿ ಅಕ್ಕನನ್ನು ಅದರಲ್ಲಿ ಕೂಡಿಸಿದ. ಅವನದೇನೋ ಒಳ್ಳೆಯ ಮನಸ್ಸೇ. ಆದರೆ ತಂಗಿಯರೂ ನಾದಿನಿಯರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಒಬ್ಬರ ತಟ್ಟೆಯ ಹೋಳಿಗೆಯನ್ನು ಒಬ್ಬರು ಮುರಿದುಕೊಂಡು, ಏನೇನೋ ಗುಸುಗುಸು ಹೇಳಿ ನಗುತ್ತಿದ್ದರೆ ಆ ಗುಸುಗುಸು ಕುರ್ಚಿಯ ಎತ್ತರಕ್ಕೆ ಮುಟ್ಟುತ್ತಿರಲಿಲ್ಲ. ಇವಳು ಮೇಲಿನಿಂದಲೇ, ಯಾತಕ್ಕೆಂದು ತಿಳಿಯದಿದ್ದರೂ, ಅವರೊಂದಿಗೆ ನಗುತ್ತಿದ್ದಳು. ಮನೆಗೆ ಬಂದು ಸೀರೆ ಮಡಚುವಾಗ ಅವಳು ಆಡಿದ್ದು ಒಂದೇ ಮಾತು. "ನೋಡ್ರಿ, ಒಂದೀಟೂ ಮಣ್ಣ ಹತ್ತಿಲ್ಲ."

ಮರುವಾರವೇ ಡಾಕ್ಟರರಲ್ಲಿಗೆ ಹೋದೆವು. ತೂಕ ಇಳಿಸಿದರೆ ನೆಲಕ್ಕೆ ಕೂತೇಳುವಷ್ಟು ಕಾಲು ಸುಧಾರಿಸೀತು, ಇಳಿಯದಿದ್ದರೆ ಆಪರೇಷನ್ನೇ ಗತಿ, ಅದಾದ ಮೇಲೆ ಆರಾಮವಾಗಿ ನಡೆದಾಡಬಹುದು, ನೆಲಕ್ಕೆ ಕೂಡುವುದನ್ನು ಮಾತ್ರ ಮರೆತುಬಿಡಬೇಕು ಎಂದು ಅವರು ಹೇಳಿದರು. ನೀಲಾಳಿಗೆ ಕೇಳಿಸಿದ್ದು ಕೊನೆಯ ಮಾತೊಂದೇ. ಬರುವ ಎಳ್ಳ ಅಮಾವಾಸ್ಯೆಗೆ ನೆಲಕ್ಕೆ ಕೂತು ಉಣ್ಣುವವಳೇ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಸಂಕಲ್ಪ ಮಾಡಿದಳು. ಹೊರಡುವ ಮೊದಲು ಡಾಕ್ಟರರು ನನ್ನ ಹೊಟ್ಟೆಯನ್ನೊಮ್ಮೆ ಕರುಣಾದೃಷ್ಟಿಯಿಂದ ನೋಡಿ, ಪಥ್ಯ ಇಬ್ಬರಿಗೂ ಇರಲಿ ಎಂದಿದ್ದರು.

ಸ್ಮೂದಿ ಬಂದದ್ದು ಹುಬ್ಬಳ್ಳಿಯಲ್ಲಿರುವ ಮಗಳು ಸುಮಾಳಿಂದ. ಗದಗಿಗೆ ಜಿಲ್ಲೆಯ ಪಟ್ಟ ಕಟ್ಟಿದ ವರ್ಷವೇ ಹುಟ್ಟಿದವಳಾದ್ದರಿಂದಲೋ ಏನೋ, ಅವಳಿಗೆ ಆಡಳಿತದ ಹುಕಿ ಸ್ವಲ್ಪ ಹೆಚ್ಚು. ಅರ್ಧ ಬಾಳೆಹಣ್ಣು, ನಾಲ್ಕು ಹೋಳು ಪಪ್ಪಾಯಿ, ನೀರುಮೊಸರು, ಒಂದು ಚಮಚೆ ಅಗಸಿಪುಡಿ, ಸಕ್ಕರೆಯಿಲ್ಲ, ಜೇನಿಲ್ಲ. ಫೋನಿನಲ್ಲಿ ಇಷ್ಟು ಅಪ್ಪಣೆ ಕೊಡಿಸಿ, ಕೊನೆಗೆ ಒತ್ತಿ ಹೇಳಿದಳು. "ಇದು ನಾಷ್ಟಾದ ಬದಲಿಗ, ಅವ್ವಾ. ನಾಷ್ಟಾದ ಜೋಡಿ ಅಲ್ಲ."

ಅವಳಿಗೇನು ಗೊತ್ತು! ನಮ್ಮ ಸೀಮೆಯಲ್ಲಿ ಕುಡಿದದ್ದನ್ನು ಯಾರೂ ಉಂಡದ್ದರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೀಗರ ಮನೆಯಲ್ಲಿ ನೀವು ಒಂದು ತಂಬಿಗೆ ಹಾಲು ಕುಡಿದು ಎದ್ದರೂ ಬರಿಹೊಟ್ಟೆಯಲ್ಲಿ ಹೋದಿರೆಂಬ ಅಪವಾದ ತಪ್ಪಿದ್ದಲ್ಲ. ಸೋಮವಾರದ ಒಪ್ಪತ್ತು ಹಿಡಿದವರು ಹಗಲಿಡೀ ಏನೇನು ಕುಡಿದರೂ ವ್ರತಕ್ಕೆ ಭಂಗವಿಲ್ಲ. ಹೀಗಾಗಿ ಬೆಳಿಗ್ಗೆ ಸ್ಮೂದಿಯ ಲೋಟ ಕೆಳಗಿಟ್ಟು ಪತ್ರಿಕೆ ಓದಿ ಮುಗಿಸುವ ಹೊತ್ತಿಗೆ ರೊಟ್ಟಿ, ಝುಣಕ, ಗಟ್ಟಿ ಮೊಸರು ಎದುರಿಗೆ ಬರುತ್ತಿದ್ದವು. ಅದು ಕುಡಿದದ್ದಾಯಿತು, ಇನ್ನು ಹೊಟ್ಟೆಗೆ ಏನಾದರೂ ಬೇಡವೇ ಎಂಬುದು ಅವಳ ವಾದ. ತರ್ಕಶಾಸ್ತ್ರದ ಪರವಾಗಿ ನಾನು ಯಾವ ಆಕ್ಷೇಪವನ್ನೂ ಎತ್ತಲಿಲ್ಲ.

ಕ್ಯಾಲೊರಿಯ ಸ್ವಭಾವವಾದರೂ ಎಂಥದ್ದು ನೋಡಿ. ಆತ್ಮದಂತೆ ಅದೂ ಅಗೋಚರ. ಕಣ್ಣಿಗೆ ಕಾಣದು, ಕೈಗೆ ಸಿಗದು, ಉಂಟೆಂದು ಬಲ್ಲವರು ಹೇಳಿದರೆ ನಂಬಬೇಕಷ್ಟೆ. ಚಿಕ್ಕು ಹಣ್ಣನ್ನು ಸಿಪ್ಪೆ ಸುಲಿದು, ಬೀಜ ಉಗುಳಿ ತಿಂದರೆ ಎರಡನೆಯದಕ್ಕೆ ಕೈ ಹೋಗುವ ಮೊದಲೇ ಹೊಟ್ಟೆ ಸಾಕೆನ್ನುತ್ತದೆ. ಜಾರಿನಲ್ಲಿ ಅರೆದರೆ ಒಂದು ಬುಟ್ಟಿಯ ಹಣ್ಣು ಒಂದೇ ಉಸಿರಿಗೆ ಗಂಟಲಿಳಿದು, ಹೊಟ್ಟೆಗೆ ಖಬರೇ ಹತ್ತುವುದಿಲ್ಲ. ಅರ್ಧ ಬಾಳೆಹಣ್ಣು ಉಳಿದರೆ ಕಪ್ಪಾಗುತ್ತದೆಂದು ನಮ್ಮಲ್ಲಿ ಅದು ಇಡಿಯಾಯಿತು, ಒಂದೇ ಇದ್ದರೆ ಜಗಳವೆಂದು ಎರಡಾಯಿತು.

ಇಷ್ಟಾದರೂ ತೂಕ ಅಲ್ಲಿಗಲ್ಲಿಗೆ ನಿಲ್ಲಬಹುದಾಗಿತ್ತು. ನಿಲ್ಲದ್ದಕ್ಕೆ ಕಾರಣ ಬೇರೆ. ಪಥ್ಯ ಶುರುವಾದ ಕೆಲದಿನಕ್ಕೆ ನನಗೆ ನೀಲಾಳ ಮುಖ ಬಾಡಿದಂತೆ ಕಂಡಿತು. ಇಷ್ಟು ವರ್ಷ ಎಲ್ಲರಿಗೂ ಬಡಿಸಿದ ಜೀವ, ಇಳಿವಯಸ್ಸಿನಲ್ಲಿ ನೀರುಮೊಸರು ಕುಡಿದುಕೊಂಡಿರಬೇಕೇ ಎಂದು ನನ್ನ ಕರುಳು ಚುರ್ರೆಂದಿತು. ಅವಳು ತುಳಸಿಗೆ ನೀರು ಹಾಕಲು ಹೋದಾಗ, ತುಂಬಿಟ್ಟಿದ್ದ ಜಾರಿನ ಮೇಲೆ ಒಂದು ಚಮಚೆ ಹಾಲಿನ ಕೆನೆ ಹಾಕಿ ಮುಚ್ಚಳ ಮುಚ್ಚಿದೆ. ಮರುದಿನವೂ ಹಾಕಿದೆ. ಚಮಚೆ ಬರಬರುತ್ತ ಸೌಟಾಯಿತು. ಈ ಸ್ಮೂದಿ ಎಷ್ಟು ರುಚಿಯೆಂದು ಇಬ್ಬರೂ ಮಗಳನ್ನು ಹೊಗಳಿದ್ದೇ ಹೊಗಳಿದ್ದು. ಡಾಕ್ಟರರ ಯಂತ್ರ ಪ್ರತಿ ಸಲವೂ ಮೇಲಕ್ಕೇ ತೋರಿಸಿದಾಗ ಯಂತ್ರವೇ ಕೆಟ್ಟಿರಬೇಕೆಂದು ನಾನೂ ಅವಳೂ ಒಮ್ಮತಕ್ಕೆ ಬಂದೆವು. ಮಳೆಗಾಲ ಕಳೆಯುವ ಹೊತ್ತಿಗೆ ಅವರು ಯಂತ್ರ ನೋಡುವುದನ್ನೇ ಬಿಟ್ಟು, ಸಂಕ್ರಾಂತಿಯ ನಂತರ ಆಪರೇಷನ್ ಮಾಡೋಣವೆಂದರು. ಅಷ್ಟರೊಳಗೆ ಎಳ್ಳ ಅಮಾವಾಸ್ಯೆ ಇದೆಯಲ್ಲ, ಇನ್ನೂ ಸ್ವಲ್ಪ ಕಟ್ಟುನಿಟ್ಟಾಗಿದ್ದರೆ ಆ ಒಂದು ದಿನದ ಮಟ್ಟಿಗಾದರೂ ಕೂತೇನು ಎಂದು ಅವಳು ಆಸೆ ಬಿಟ್ಟಿರಲಿಲ್ಲ.

ಹಬ್ಬಕ್ಕೆ ಒಂದು ವಾರವಿದ್ದಾಗ, ನಾನು ಮಿಕ್ಸರಿನ ಗುಂಡಿ ತಿರುವುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಕಡಗೋಲಿನಿಂದಲೇ ಕಡೆದರಾಯಿತೆಂದು ನೀಲಾ ಒಂದು ಬೋಗುಣಿ ತಂದಳು. ನಾನು ಬೇಡವೆನ್ನುವಷ್ಟರಲ್ಲಿ ಜಾರನ್ನು ಅದರಲ್ಲಿ ಬೋರಲು ಹಾಕಿದಳು. ಮೊದಲು ಕೆನೆಯ ಗಡ್ಡೆ ಬಿತ್ತು. ಅವಳು ನನ್ನ ಮುಖ ನೋಡಿದಳು. ಆಮೇಲೆ ಹಣ್ಣಿನ ಹೋಳುಗಳು. ಎಲ್ಲಕ್ಕೂ ಕಡೆಗೆ, ತಳದಲ್ಲಿ ಕೂತಿದ್ದ ಒಂದು ಹಿಡಿ ಹುರಿದ ಶೇಂಗಾ, ಅದರ ಜೊತೆಗೆ ನಿಂಬೆಹಣ್ಣಿನ ಗಾತ್ರದ ಬೆಲ್ಲದ ಉಂಡೆ ಡಬ್ಬೆಂದು ಬಿತ್ತು. ಈಗ ಮುಖ ನೋಡುವ ಸರದಿ ನನ್ನದು. ಅವಳು ತುಳಸಿಗೆ ಹೋಗುವ ಹೊತ್ತು ನನ್ನದಾದರೆ, ನಾನು ಪತ್ರಿಕೆ ತರಲು ಬಾಗಿಲಿಗೆ ಹೋಗುವ ಹೊತ್ತು ಅವಳದಾಗಿತ್ತು.

"ನಿಮ್ಮ ಮಾರಿ ಇಳದು ಹೋಗಿತ್ತು," ಎಂದಳು. "ನನಗ ನೋಡಾಕ ಆಗಲಿಲ್ಲ."

ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ನಗುತ್ತ ನಗುತ್ತ ಅವಳ ಕೈ ತಾನಾಗಿ ಮೊಣಕಾಲಿನ ಮೇಲೆ ಹೋಯಿತು, ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಹೋಯಿತು, ನಗು ನಿಂತಿತು. ನನಗೆ ಬಹಳ ಕೆಟ್ಟದೆನಿಸಿತು. ಮನೆಯಲ್ಲಿ ಮಾಡಿದ ಸ್ಮೂದಿ ಪಥ್ಯಕ್ಕೆ ಆಗಿಬರುತ್ತದೆಯೇ ಎಂದು ನೀವು ಕೇಳಿದರೆ, ಧಾರಾಳವಾಗಿ ಆಗಿಬರುತ್ತದೆ ಎನ್ನುತ್ತೇನೆ. ಆದರೆ ಅಂಥ ಮನೆಯಲ್ಲಿ ಒಬ್ಬರ ಮುಖ ಇನ್ನೊಬ್ಬರು ಅಷ್ಟಾಗಿ ನೋಡುತ್ತಿರಬಾರದು. ಪಾಪ, ಪಪ್ಪಾಯಿಯ ತಪ್ಪೇನೂ ಇಲ್ಲ.

ಕೊರ್ಲಹಳ್ಳಿಯ ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಫಕ್ಕೀರಪ್ಪ ಟ್ರ್ಯಾಕ್ಟರಿನಿಂದ ಈ ಸಲ ಎರಡು ಕುರ್ಚಿ ಇಳಿಸಿದ. "ಮಾಮಾಗೂ ಒಂದ ತಂದೀನಿ, ಅಕ್ಕಾ," ಎಂದ ಬಲು ಸಂಕೋಚದಿಂದ; ದೀಪಾವಳಿಯಲ್ಲಿ ನಾನು ನೆಲದಿಂದ ಏಳಲು ಪಟ್ಟ ಪಾಡನ್ನು ಅವನು ಕಂಡಿದ್ದ. ಇಬ್ಬರೂ ಮದುಮಕ್ಕಳ ಹಾಗೆ ಅಕ್ಕಪಕ್ಕ ಕೂತೆವು. ಹಸಿ ಆರದ ಎರೆಮಣ್ಣಿನಲ್ಲಿ ಕುರ್ಚಿಯ ಕಾಲುಗಳು ಮೆಲ್ಲಗೆ ಇಳಿದವು, ನನ್ನದು ಸ್ವಲ್ಪ ಹೆಚ್ಚೇ ಇಳಿಯಿತು. "ಒಂದೀಟು ಕೆಳಗ ಬಂದ್ವಿ ನೋಡ್ರಿ," ಎಂದಳು ನೀಲಾ. ಆದರೂ ಕೆಳಗಿನ ಗುಸುಗುಸು ಕಿವಿಗೆ ಬೀಳುವಷ್ಟು ಇಳಿದಿರಲಿಲ್ಲ.

ಊಟ ಮುಗಿದು ಎಲ್ಲರೂ ಬಟ್ಟೆ ಜಾಡಿಸಿಕೊಂಡು ಏಳುವಾಗ, ಒಂದು ಮಣ್ಣಿನ ಹೆಂಟೆ ಎತ್ತಿ ಕೊಡಿರೆಂದು ಅವಳು ನನ್ನನ್ನು ಕೇಳಿದಳು. ಅಷ್ಟು ಬಗ್ಗುವುದಕ್ಕೆ ನನ್ನ ಹೊಟ್ಟೆ ಒಪ್ಪದಿದ್ದರೂ ಹೇಗೋ ಬಗ್ಗಿ ಎತ್ತಿಕೊಟ್ಟೆ. ಅವಳು ಅದನ್ನು ಅಂಗೈಯಲ್ಲಿ ಪುಡಿಮಾಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತೊಡೆಯ ಮೇಲಿನ ಸೀರೆಗೆ ಸಾವಕಾಶವಾಗಿ ಒರೆಸಿಕೊಂಡಳು. ನಾನು ಜೋಳದ ಕಡೆಗೆ ನೋಡುತ್ತ ಕೂತೆ.

ಮರುದಿನ ಆ ಸೀರೆಯನ್ನು ಉಳಿದ ಬಟ್ಟೆಗಳ ಜೊತೆ ನೆನೆಹಾಕಲು ಹೋದವನನ್ನು ಅವಳು ತಡೆದಳು. "ಒಗಿಯಾಕ ಹಾಕಬ್ಯಾಡ್ರಿ ಅದನ್ನ," ಎಂದು ಕೈಯಿಂದ ತೆಗೆದುಕೊಂಡು, ಕಲೆ ಒಳಗಾಗುವಂತೆ ಮಡಚಿ ಕಪಾಟಿನಲ್ಲಿಟ್ಟಳು. ನಾನು ಜಾರು ತೊಳೆಯಲು ಮೋರಿಗೆ ಹೋದೆ. ಅಲಗಿನ ಬುಡದಲ್ಲಿ ಎಂದಿನಂತೆ ಏನೋ ಅಂಟಿಕೊಂಡಿತ್ತು. ಬ್ರಶ್ಶು ಕೈಗೆತ್ತಿಕೊಂಡವನು, ಯಾಕೋ ಅದನ್ನು ತಿಕ್ಕಲು ಮನಸ್ಸಾಗದೆ, ಹಾಗೆಯೇ ಬೋರಲು ಹಾಕಿ ಬಂದೆ.