ಶಾಂತಾದೇವಿಯವರ ಕನ್ನಡ ಫ್ಲಾಪಿ

ಸಹಕಾರ ಸಂಘಗಳಿಗೆ ಕಂಪ್ಯೂಟರ್ ಬಂದರೂ ರಸೀದಿ ಇಂಗ್ಲಿಷಿನಲ್ಲೇ ಬರುತ್ತಿತ್ತು. ಅದು ಕನ್ನಡದಲ್ಲಿ ಬರಲೇಬೇಕೆಂದು ಹಟ ಹಿಡಿದವರು ಜಯನಗರದ ಶಾಂತಾದೇವಿ. ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದ ನೌಕರಿ ಬಿಟ್ಟು, ಪ್ರಾವಿಡೆಂಟ್ ಫಂಡಿನಲ್ಲಿ ಒಂದು ಕಂಪ್ಯೂಟರ್ ಕೊಂಡು, ೧೯೮೭ರಲ್ಲಿ ನಾಲ್ಕನೇ ಬ್ಲಾಕಿನಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದರು. ಟೈಪಿಂಗ್ ಕಲಿತಿದ್ದ ಅಂಕಮ್ಮನನ್ನು ಕೆಲಸಕ್ಕಿಟ್ಟುಕೊಂಡರು. ಇಬ್ಬರೂ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಅಕ್ಷರ ಕೂರಿಸಿದರು. ಒತ್ತಕ್ಷರಗಳು ಹದಕ್ಕೆ ಬರಲು ವರ್ಷವೇ ಹಿಡಿಯಿತು. ಬಡ್ಡಿ ಲೆಕ್ಕ ಹಾಕಿ ಕನ್ನಡದಲ್ಲಿ ರಸೀದಿ ಕೊಡುವ ಪ್ರೋಗ್ರಾಂ ಬರೆದು, ಫ್ಲಾಪಿಗೆ ಹಾಕಿ ಮಾರಲು ಹೊರಟರು.

ಮೊದಲು ಕೊಂಡದ್ದು ಶ್ರೀನಗರದ ಒಂದು ಸಂಘ. ಕಾರ್ಯದರ್ಶಿ ಗೌರೀಶಂಕರ ಕನ್ನಡದ ರಸೀದಿ ನೋಡಿ ಎಲ್ಲರಿಗೂ ಕಾಫಿ ತರಿಸಿದ್ದರು. ಆಮೇಲೆ ಯಾರೂ ಕೊಳ್ಳಲಿಲ್ಲ. ಹೋದಲ್ಲೆಲ್ಲ "ನೋಡೋಣ ಮೇಡಂ" ಎಂಬ ಮಾತಷ್ಟೇ.

ಒಂದು ಬೆಳಿಗ್ಗೆ ಬನಶಂಕರಿಯ ಇನ್ನೊಂದು ಸಂಘದ ಅಧ್ಯಕ್ಷ ಏಕಾಂತಯ್ಯ ಕೋಣೆಯ ಕೆಳಗಿನ ಅಂಗಡಿಗೆ ಫೋನು ಮಾಡಿ ಶಾಂತಾದೇವಿಯವರನ್ನು ಕರೆಸಿದರು. "ಬಡ್ಡಿ ಲೆಕ್ಕ ತಪ್ತಾ ಇದೆ. ಬಂದು ರಿಪೇರಿ ಮಾಡ್ಕೊಡ್ತೀರಾ?"

ಹೋಗಿ ನೋಡಿದರೆ ಪರದೆಯ ಮೇಲೆ ಶಾಂತಾದೇವಿಯವರದೇ ಹೆಸರು, ಅವರದೇ ಅಕ್ಷರ. ಆ ಸಂಘಕ್ಕೆ ಅವರೇನನ್ನೂ ಮಾರಿರಲಿಲ್ಲ.

"ಇದು ನಿಮಗೆ ಎಲ್ಲಿಂದ ಬಂತು?"

"ಗೌರೀಶಂಕರ ಕೊಟ್ರು. ಸುಮಾರು ಸಂಘಗಳಿಗೆ ಕೊಟ್ಟಿದ್ದಾರೆ. ಹೆಸರು ನಿಮ್ಮದಿತ್ತಲ್ಲ, ವಿಚಾರಿಸಿ ಫೋನ್ ಮಾಡ್ದೆ."

"ನಾನು ಮಾರೋದೇ ಇದನ್ನ, ಸಾರ್. ನನ್ನ ಕೇಳದೆ ನಕಲು ಮಾಡ್ಕೊಂಡು, ಈಗ ರಿಪೇರೀನೂ ಮಾಡು ಅಂತೀರಿ."

ಏಕಾಂತಯ್ಯ ನಕ್ಕರು. "ನಿಮಗೇನು ಕಮ್ಮಿ ಆಯ್ತಮ್ಮ? ನಿಮ್ಮ ಫ್ಲಾಪಿ ನಿಮ್ಮ ಹತ್ರಾನೇ ಇದೆ. ಖಾಲಿ ಫ್ಲಾಪಿಗೆ ನಾವೂ ದುಡ್ಡು ಕೊಟ್ಟಿದ್ದೀವಿ."

"ಖಾಲಿ ಫ್ಲಾಪಿಗೆ ಕೊಟ್ರಿ. ಅದರೊಳಗಿರೋದಕ್ಕೆ?"

ರಿಪೇರಿ ಮಾಡದೆ ಎದ್ದು, ನೇರ ಶ್ರೀನಗರಕ್ಕೆ ಹೋದರು. ಗೌರೀಶಂಕರರಿಗೆ ಅಳುಕಿರಲಿಲ್ಲ. "ಕನ್ನಡದ ಕೆಲಸ ಮೇಡಂ, ಹಂಚಿದ್ರೆ ಪುಣ್ಯ."

"ಹಂಚೋದಾದ್ರೆ ನಿಮ್ಮದನ್ನ ಹಂಚಿ. ನಂದನ್ನ ಹಂಚಿ ಪುಣ್ಯ ನೀವು ಕಟ್ಕೋಬೇಡಿ."

ಪೊಲೀಸ್ ಠಾಣೆಯಲ್ಲೂ ಕೇಳಿದ್ದು ಅದೇ: ಕಳವಾದ ವಸ್ತು ಯಾವುದು? ಕೈಯಲ್ಲಿದ್ದ ಫ್ಲಾಪಿ ತೋರಿಸಿದರೆ, "ಸಿಕ್ಕಿದೆಯಲ್ಲಮ್ಮ" ಎಂದು ಕಳಿಸಿಬಿಟ್ಟರು.

ಮಳೆಗಾಲ ಮುಗಿಯುವ ಹೊತ್ತಿಗೆ ಕೋಣೆಗೆ ಬೀಗ ಬಿತ್ತು. ಅಂಕಮ್ಮ ಗಾರ್ಮೆಂಟ್ಸ್ ಸೇರಿದಳು. ಶಾಂತಾದೇವಿ ಖಾಸಗಿ ಕಂಪನಿಯೊಂದರಲ್ಲಿ ಇಂಗ್ಲಿಷ್ ಬಿಲ್ಲುಗಳ ಪ್ರೋಗ್ರಾಂ ಬರೆಯತೊಡಗಿದರು. ಸಂಘದ ಸದಸ್ಯರ ಹೆಸರನ್ನು ಅಕಾರಾದಿಯಾಗಿ ಜೋಡಿಸಲು ಅವರು ಶುರುಮಾಡಿದ್ದ ಹೊಸ ಕನ್ನಡ ಪ್ರೋಗ್ರಾಂ ಅರ್ಧಕ್ಕೇ ನಿಂತಿತು. ತಿದ್ದುವವರಿಲ್ಲದೆ ಸಂಘಗಳು ಬಡ್ಡಿಯನ್ನು ಮತ್ತೆ ಕೈಯಲ್ಲೇ ಹಾಕಿದವು.

ಆ ನವೆಂಬರಿನಲ್ಲಿ ಕನ್ನಡ ಸೇವೆಗೆಂದು ಗೌರೀಶಂಕರರಿಗೆ ಶಾಲು ಹೊದಿಸುವ ಸಮಾರಂಭ. ಶಾಂತಾದೇವಿಯವರಿಗೂ ಆಮಂತ್ರಣ ಬಂತು. ಅದನ್ನು ನಾಲ್ಕು ಚೂರು ಮಾಡಿ ನೀರೊಲೆಗೆ ಹಾಕಿದರು.