ಅರಿಸಿನ ತಿಂದ ಮೂರು ಅಂಕಿ

ಗಂಟಲಿನ ಆಪರೇಷನ್ ಆದಮೇಲೆ ಅಪ್ಪನಿಗೆ ದನಿ ಹೋಯಿತು. ಸಕ್ಕರೆ ಕಾಯಿಲೆಯಿಂದ ಅವ್ವನಿಗೆ ಎರಡೂ ಕಣ್ಣು ಹೋದವು. ಕತ್ತಿಗೆ ಒತ್ತಿ ಹಿಡಿದರೆ ಗುಂಯ್‌ಗುಟ್ಟುತ್ತ ಮಾತು ಹೊರಡಿಸುವ, ಟಾರ್ಚಿನಂಥ ಒಂದು ಮಿಷನ್ನು ಅಪ್ಪನ ಬಳಿ ಇತ್ತು. ಅದೊಂದರಿಂದಲೇ ಇಬ್ಬರ ಸಂಸಾರ ನಡೆಯುತ್ತಿತ್ತು. ಜಗಳವೂ ಅದರಲ್ಲೇ. ದನಿ ಹೋದ ಗಂಡಸು ಅಷ್ಟೊಂದು ಬೈಯಬಲ್ಲ ಎಂದು ನನಗೆ ತಿಳಿದದ್ದು ಅವರನ್ನು ಕಾಮಗೆರೆಯ ನನ್ನ ಮನೆಗೆ ಕರೆತಂದ ಮೇಲೆ.

ಒಂದು ಬೆಳಿಗ್ಗೆ ಆ ಮಿಷನ್ನು ಅಪ್ಪನ ಕೈಜಾರಿ ನೀರಿನ ತೊಟ್ಟಿಗೆ ಬಿತ್ತು. ಹನೂರಿನ ಮೊಬೈಲ್ ರಿಪೇರಿಯವನು ಬಿಚ್ಚಿ ನೋಡಿ, "ಇದ್ರ ಕತೆ ಮುಗೀತು ಕಣಕ್ಕ" ಅಂದ. ಮಾರಿದ್ದ ಬೆಂಗಳೂರಿನ ಅಂಗಡಿಯವರು ಆ ಮಾಲು ತರಿಸುವುದನ್ನೇ ಬಿಟ್ಟಿದ್ದರು. ನೆಟ್ಟಿನಲ್ಲಿ ಹುಡುಕಿದಾಗ ಪರದೇಶದ ಅಂಗಡಿಯೊಂದರಲ್ಲಿ ಥೇಟ್ ಅದೇ ಮಿಷನ್ನು ಸಿಕ್ಕಿತು. ಬೆಲೆ ಯುರೋದಲ್ಲಿತ್ತು. ಉಳಿದಿರುವುದು ಒಂದೇ ಎಂದು ಕೆಳಗೆ ಬರೆದಿತ್ತು.

ಇತ್ತ ಮಿಷನ್ನು ಕೆಟ್ಟಿದೆ ಎಂದು ಹೇಳಿದ್ದರೂ ಅವ್ವ ದಿನವಿಡೀ ಕೇಳುತ್ತಿದ್ದಳು, "ಯಾನಾದ್ರೂ ಮಾತಾಡಿ. ನನ್ ಮ್ಯಾಲೆ ಮುನಿಸ್ಕಂಡಿದ್ದೀರಾ?" ಅಪ್ಪ ಅವಳ ಅಂಗೈ ತಟ್ಟುತ್ತಿದ್ದ. "ಬರೀ ತಟ್ಟಿದ್ರೆ ಯಾನಂತ ತಿಳ್ಕಳ್ಳಿ?" ಎಂದು ಅವಳು ಕೈ ಕಿತ್ತುಕೊಳ್ಳುತ್ತಿದ್ದಳು.

ಹಣ ಕಟ್ಟುವ ಪುಟದಲ್ಲಿ ಎರಡು ದಾರಿ ಇದ್ದವು: ಯುರೋದಲ್ಲಿ ಕಟ್ಟುತ್ತೀರಾ, ರೂಪಾಯಿಯಲ್ಲಿ ಕಟ್ಟುತ್ತೀರಾ? ರೂಪಾಯಿ ಎಂದರೆ ಮೊತ್ತ ಕಣ್ಣಿಗೆ ಕಾಣುತ್ತದೆ, ಆದರೆ ಜಾಸ್ತಿ. ಯುರೋ ಎಂದರೆ ಬ್ಯಾಂಕು ಆಮೇಲೆ ಎಷ್ಟು ಎಳೆದುಕೊಳ್ಳುತ್ತದೋ ದೇವರೇ ಬಲ್ಲ. ನಾನೋ ಲೆಕ್ಕದ ಟೀಚರ್, ಸುಮ್ಮನಿರುತ್ತೇನೆಯೇ? ಎರಡು ದಿನ ಕೂತು ಗುಣಾಕಾರ ಮಾಡಿದೆ. ಹಾಳು ಜಿಪುಣತನ!

ಕೊನೆಗೆ ಯುರೋ ಎಂದು ತೀರ್ಮಾನಿಸಿ, ದೇವರ ಗೂಡಿನಲ್ಲಿಟ್ಟಿದ್ದ ಕಾರ್ಡು ತೆಗೆದೆ. ಹಿಂಬದಿಯ ಮೂರು ಅಂಕಿ ಕೇಳಿತು. ತಿರುಗಿಸಿದರೆ ಬರೀ ಹಳದಿ, ಅಂಕಿಯೇ ಇಲ್ಲ. ಪ್ರತಿ ಶುಕ್ರವಾರ ಅವ್ವ ಅದನ್ನು ತಡಕಿ ತೆಗೆದು, ಒದ್ದೆ ಬಟ್ಟೆಯಲ್ಲಿ ಉಜ್ಜಿ, ಅರಿಸಿನ ಕುಂಕುಮ ಹಚ್ಚುತ್ತಿದ್ದಳಂತೆ.

"ನಿನ್ ಸಂಬ್ಳ ಬರೋದು ಅದ್ರಲ್ಲೇ ತಾನೆ? ಲಕ್ಷ್ಮಿ ಕಣವ್ವ. ಒರಸ್ದೆ ಇಟ್ರೆ ಆಯ್ತದಾ?" ಅಂದಳು.

ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಏಳೋ ಒಂದೋ ಕಂಡಂತಾಯಿತು. ಊಹಿಸಿ ಒತ್ತಿದೆ. ತಪ್ಪು. ಮೂರನೆಯ ಸಲಕ್ಕೆ ಕಾರ್ಡೇ ಲಾಕ್ ಆಯಿತು. ಯಳಂದೂರಿನ ನಮ್ಮ ಶಾಲೆಯಲ್ಲಿ ಕಂಡಕಂಡವರ ಬಳಿ ಕಾರ್ಡು ಬೇಡಿದೆ. ಕೆಲವರದು ಹೊರದೇಶಕ್ಕೆ ನಡೆಯದು, ಉಳಿದವರಿಗೆ ಮೋಸದ ಭಯ.

ರಜೆ ಹಾಕಿ ಕೊಳ್ಳೇಗಾಲದ ಬ್ಯಾಂಕಿಗೆ ಓಡಿದೆ.

"ಹೊಸ ಕಾರ್ಡು ಬರಾಕೆ ಹತ್ತು ದಿನ ಆಯ್ತದೆ ಮೇಡಂ" ಅಂದರು ಕೌಂಟರಿನವರು.

"ಸಾ, ಅಲ್ಲಿರೋದು ಒಂದೇ ಪೀಸು. ನಮ್ಮಪ್ಪ ಮಾತಾಡ್ಬೇಕು ಸಾ" ಅಂದೆ. ಅಷ್ಟು ಜನರ ಮುಂದೆ ಗಳಗಳನೆ ಅತ್ತುಬಿಟ್ಟೆ.

ಪಾಪ, ಅವರೇನು ಮಾಡಿಯಾರು? "ಬಂದ್ಮೇಲೆ ಯುರೋದಲ್ಲೇ ಕಟ್ಟಿ, ರೂಪಾಯಿ ಒತ್ಬ್ಯಾಡಿ" ಎಂದು ಬುದ್ಧಿ ಹೇಳಿ ಕಳಿಸಿದರು. ಅಟ್ಟ ಮೇಲೆ ಒಲೆ ಉರಿದಂತಾಯಿತು.

ದಿನಾ ಎದ್ದ ಕೂಡಲೇ ಆ ಪುಟ ನೋಡುತ್ತಿದ್ದೆ. ಕಾರ್ಡು ಕೈಸೇರುವ ಹಿಂದಿನ ದಿನ ಆ ಒಂದೂ ಮಾರಾಟವಾಗಿತ್ತು. ನಾನು ಕೂತು ಗುಣಿಸಿದ ಎರಡು ದಿನ ಉಳಿದಿದ್ದರೆ ಅದು ನಮ್ಮದಾಗುತ್ತಿತ್ತು. ಇನ್ನು ಅಲ್ಲಿದ್ದುದು ಹೊಸ ಮಾದರಿ ಮಾತ್ರ. ಬೇರೆ ಗತಿಯಿಲ್ಲದೆ ಅದನ್ನೇ ಕೊಂಡೆ. ಅವ್ವನಿಗೆ ಹೇಳಲಿಲ್ಲ. ಮೊದಲಿನದಕ್ಕೆ "ಬಂತಾ, ಬಂತಾ" ಎಂದು ಕಾದು, ಸಿಗಲಿಲ್ಲವೆಂದಾಗ ಎರಡು ಹೊತ್ತು ಊಟ ಬಿಟ್ಟಿದ್ದಳು.

ಮೂರು ವಾರಕ್ಕೆ ಪಾರ್ಸೆಲ್ ಬಂತು. ಅಪ್ಪ ಮಿಷನ್ನು ಹಿಡಿದು, ಜಗುಲಿಯಲ್ಲಿ ಕೂತಿದ್ದ ಅವ್ವನ ಎದುರು ಹೋಗಿ ನಿಂತು, ಕತ್ತಿಗೆ ಒತ್ತಿಕೊಂಡ.

"ಊಟ ಆಯ್ತಾ?"

ಹಳೆಯ ದನಿ ಅದಲ್ಲ. ಸಣ್ಣಗೆ, ಕೀರಲಾಗಿತ್ತು.

ಅವ್ವ ಸೆರಗು ಸರಿಮಾಡಿಕೊಂಡಳು.

"ಆಯ್ತು ಕಣಪ್ಪ. ಯಾರು ಅಂತ ಗೊತ್ತಾಗ್ನಿಲ್ಲ. ಕುಂತ್ಕಳಿ, ನಮ್ಮೆಜಮಾನ್ರು ಇಲ್ಲೇ ಎಲ್ಲೋ ಅವ್ರೆ. ಅವ್ರಿಗೆ ಮಾತು ಬರಾಕಿಲ್ಲ, ಬೇಜಾರ್ ಮಾಡ್ಕಬ್ಯಾಡಿ."

ಅಪ್ಪ ಮಿಷನ್ ಆರಿಸಿ, ಅವಳು ಕೈತೋರಿಸಿದ ಜಾಗದಲ್ಲಿ ಕುಳಿತುಕೊಂಡ.